ಆನೆ ಕಂಡವನಿಗೆ ಹಕ್ಕಿ ಕಂಡೀತು

ಕೆಳದಿಯ ದೇವಸ್ಥಾನಕ್ಕೆ ಅಪ್ಪಯ್ಯ ನನ್ನನ್ನು ಮೊದಲು ಕರೆದೊಯ್ದಾಗ ನನಗೆ ಒಂಬತ್ತು ವರ್ಷ. ಆನಂದಪುರದಿಂದ ಕೆಂಪು ಬಸ್ಸು ಹತ್ತಿ ಸಾಗರದಲ್ಲಿಳಿದು ಹೋಗಿದ್ದೆವು. ಬಸ್ಸಿನ ಮೈಮೇಲಿದ್ದ ಎರಡು ತಲೆಯ ಹಕ್ಕಿಯೇ ಅಲ್ಲಿ ಚಾವಣಿಯಲ್ಲೂ ಇತ್ತು. ಕೊಕ್ಕುಗಳಲ್ಲಿ ಸಿಂಹ, ಉಗುರುಗಳಲ್ಲಿ ಆನೆ.

"ಹಕ್ಕಿ ಆನೆ ಎತ್ತುತ್ತದಾ ಅಪ್ಪಯ್ಯಾ?"

"ಮೊದಲು ಆನೆ ನೋಡು ಮಗಾ. ಆನೆಯ ತೂಕ ಗೊತ್ತಿದ್ದವನಿಗೇ ಹಕ್ಕಿ ಎಷ್ಟು ದೊಡ್ಡದು ಅಂತ ಗೊತ್ತಾಗೋದು."

ಆನೆಗಿಂತ ಸಿಂಹ, ಸಿಂಹಕ್ಕಿಂತ ಶರಭ, ಶರಭಕ್ಕಿಂತ ಗಂಡಭೇರುಂಡ ಬಲಶಾಲಿ ಎಂಬುದು ನಮ್ಮವರ ಲೆಕ್ಕ. ಬಳ್ಳಿಗಾವಿಯಲ್ಲಿ 1047ರಲ್ಲೇ ಈ ಹಕ್ಕಿಗೆ ಕಂಬ ನಿಲ್ಲಿಸಿದ್ದರು. ಬಲದ ಮೇಲೆ ಬಲ ಪೇರಿಸಿ ಅರಸನ ಘನತೆ ತೋರಿಸುವುದು ನಮ್ಮ ಶಿಲ್ಪಿಗಳ ದಾರಿ.

ಶ್ರೀಗಂಧ ಕೆತ್ತುವ ನನಗೆ ಚೀನಾದ ಹಸಿರುಕಲ್ಲು, ಅಂದರೆ ಜೇಡ್‌ನ ಪ್ರಾಣಿಗಳು ಬೆರಗು ಹುಟ್ಟಿಸಿದ್ದು ಬೇರೆ ಕಾರಣಕ್ಕೆ. ಅಲ್ಲಿ ಪ್ರಾಣಿಗೆ ಅರ್ಥ ಬರುವುದು ಬಹಳ ಸಲ ಹೆಸರಿನ ಉಚ್ಚಾರದಿಂದ. ಬಾವಲಿಗೂ ಭಾಗ್ಯಕ್ಕೂ ಚೀನೀ ಮಾತಿನಲ್ಲಿ 'ಫು' ಎಂಬ ಒಂದೇ ಉಚ್ಚಾರ. ಹಾಗಾಗಿ ಐದು ಬಾವಲಿ ಕೆತ್ತಿದರೆ ಐದು ಭಾಗ್ಯ. ಮನೆಯೊಳಗೆ ಬಾವಲಿ ಬಂದರೆ ಅಪಶಕುನ ಎನ್ನುವ ನಮ್ಮ ಕಡೆ ಇದನ್ನು ಯಾರು ಕೊಂಡಾರು? ಕುದುರೆಯ ಮೇಲೆ ಕೋತಿ ಕೂತಿದ್ದರೆ ಬೇಗನೆ ದೊಡ್ಡ ಪದವಿ ಸಿಗಲಿ ಎಂಬ ಹಾರೈಕೆ. 'ಕುದುರೆಯ ಮೇಲೆ' ಎಂಬ ಮಾತಿಗೆ 'ಈಗಲೇ' ಎಂಬ ಅರ್ಥವೂ ಇದೆ, ಕೋತಿಯ ಹೆಸರು ಸಾಮಂತ ಪದವಿಯ ಹೆಸರಿನಂತೆಯೇ ಕೇಳಿಸುತ್ತದೆ. ಹಾನ್ ಅರಸರ ಕಾಲದಲ್ಲಿ ಸತ್ತವರ ನಾಲಿಗೆಯ ಮೇಲೆ ಜೇಡ್‌ನ ಜೀರುಂಡೆ ಇಡುತ್ತಿದ್ದರು. ಮಣ್ಣಿನಿಂದೆದ್ದು ಪೊರೆ ಕಳಚಿ ಹಾರುವ ಹುಳ ಅದು.

1976ರಲ್ಲಿ ಅನ್ಯಾಂಗ್‌ನಲ್ಲಿ ಸಿಕ್ಕ ಫು ಹಾವೋ ರಾಣಿಯ ಸಮಾಧಿಯಲ್ಲಿ 755 ಜೇಡ್ ವಸ್ತುಗಳಿದ್ದವು, ಆನೆಗಳೂ ಇದ್ದವು. ಮೂರು ಸಾವಿರ ವರ್ಷಕ್ಕೂ ಹಳೆಯ ಆನೆಗಳು! ಜೇಡ್‌ಗೆ ನಮ್ಮಂತೆ ಉಳಿ ಕೊಡತಿ ನಡೆಯುವುದಿಲ್ಲ. ಗಡಸು ಮರಳನ್ನು ನೀರಲ್ಲಿ ಕಲಸಿ, ದಾರದಿಂದಲೋ ತಿರುಗುವ ಚಕ್ರದಿಂದಲೋ ತೇಯುತ್ತಲೇ ಇರಬೇಕಿತ್ತು. ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಅವರ ಇನ್ನೊಂದು ಜಾಣ್ಮೆ ನನಗೆ ತೀರಾ ಹತ್ತಿರದ್ದು. ಕಲ್ಲಿನ ಕಂದು ಸಿಪ್ಪೆಯನ್ನು ಕೆರೆದು ಬಿಸಾಡದೆ ಅದನ್ನೇ ಪ್ರಾಣಿಯ ಬೆನ್ನೋ ಬಾಲವೋ ಮಾಡುತ್ತಾರೆ. ನಾವು ಗಂಧದ ಕಂದು ಚೇಗು ಉಳಿಸಿಕೊಂಡು, ವಾಸನೆಯಿಲ್ಲದ ಬಿಳಿ ಭಾಗವನ್ನು ಹೆರೆದು ಹಾಕುವವರು. ಹೋದ ವಾರ ಗೇಣುದ್ದದ ತುಂಡೊಂದರಲ್ಲಿ ಆನೆ ತೆಗೆಯುವಾಗ ಆ ಬಿಳಿಯನ್ನು ಎರಡು ಕಡೆ ಹಾಗೆಯೇ ಬಿಟ್ಟೆ. ಈಗ ಅವೇ ದಂತಗಳು.