ಧೂಳಿನ ಸೀಮೆಯಲ್ಲಿ ಮೋಟಾರು ಸೈಕಲ್ಲು

ಒಂದು ಲೀಟರು ಪೆಟ್ರೋಲು ಇಂಜಿನ್ನಿನೊಳಗೆ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿ ಬೇಕು. ಪೆಟ್ರೋಲಿಗೆ ಹಣ ತೆರುತ್ತೇವಾದುದರಿಂದ ಅದರ ಲೆಕ್ಕ ನಮಗೆ ಚೆನ್ನಾಗಿ ತಿಳಿದಿರುತ್ತದೆ. ಪುಕ್ಕಟೆಯಾಗಿ ದೊರೆಯುವ ಗಾಳಿಯನ್ನು ಯಾರೂ ವಿಚಾರಿಸುವುದಿಲ್ಲ. ಬೇರೆ ಕಡೆ ಈ ಔದಾಸೀನ್ಯ ಸ್ವಲ್ಪ ಕಾಲ ನಡೆದೀತು. ಆದಿತ್ಯನಗರ, ಸೇಡಂ, ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ನಡೆಯದು. ಸುಣ್ಣಗಲ್ಲಿನ ಗಣಿಗಳು, ಸಿಮೆಂಟು ಕಾರ್ಖಾನೆಗಳು, ಫರ್ಸಿ ಕಲ್ಲನ್ನು ಕೊಯ್ಯುವ ಯಂತ್ರಗಳು, ಇವುಗಳ ನಡುವೆ ಓಡಾಡುವ ಲಾರಿಗಳು ಎಬ್ಬಿಸಿದ ಧೂಳಿನ ಮಧ್ಯದಲ್ಲಿಯೇ ಪಾಳಿ ಕೆಲಸದವನು ತನ್ನ ಗಾಡಿಯನ್ನು ಓಡಿಸಬೇಕು. ಅದು ಕೈಕೊಟ್ಟರೆ ಆ ದಿನದ ಸಂಬಳ ಹೋಯಿತು. ವೈಶಾಖದ ನಡುಹಗಲಿನಲ್ಲಿ, ನೆರಳಿಲ್ಲದ ದಾರಿಯಲ್ಲಿ, ಹಿಂದೆ ಮಕ್ಕಳನ್ನು ಕೂರಿಸಿಕೊಂಡಿರುವಾಗ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಸುಣ್ಣಗಲ್ಲು ಉಕ್ಕಿಗಿಂತ ಮೆತ್ತನೆಯದು, ಅದು ಇಂಜಿನ್ನನ್ನು ಸವೆಸಲಾರದು ಎಂದು ವಾದಿಸುವವರುಂಟು. ವಾದದ ಮೊದಲರ್ಧ ನಿಜ. ಆದರೆ ರಸ್ತೆಯ ಧೂಳಿನಲ್ಲಿ ಸುಣ್ಣಗಲ್ಲಿನ ಪುಡಿಯೊಂದೇ ಇರುವುದಿಲ್ಲ. ಅದಕ್ಕಿಂತ ಬಹಳ ಗಟ್ಟಿಯಾದ ಮರಳಿನ ಕಣಗಳೂ ಬೆರೆತಿರುತ್ತವೆ. ಏರ್ ಫಿಲ್ಟರನ್ನು ದಾಟಿದ ಅಂಥ ಕಣವು ಪಿಸ್ಟನ್ನಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ನಡುವೆ ಸಿಕ್ಕಿ ಸಾಣೆಯ ಕೆಲಸ ಮಾಡಿ, ಕಡೆಗೆ ಇಂಜಿನ್ ಆಯಿಲಿಗೆ ಇಳಿಯುತ್ತದೆ. 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸುತ್ತಿದ್ದುದರಿಂದ ಸಿಲಿಂಡರಿಗೆ ಪ್ರತಿ ಸಲವೂ ಹೊಸ ಎಣ್ಣೆ ಬರುತ್ತಿತ್ತು. ಈಗಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದೇ ಎಣ್ಣೆ ಸುತ್ತುತ್ತ, ತನ್ನಲ್ಲಿರುವ ಧೂಳನ್ನು ಎಲ್ಲ ಭಾಗಗಳಿಗೂ ಹಂಚುತ್ತದೆ. ಸಣ್ಣ ಗಾಡಿಗಳಲ್ಲಿ ಅದು ಇರುವುದೇ ಒಂದು ಲೀಟರಿನ ಆಸುಪಾಸು.

ಆದಕಾರಣ ಕೈಪಿಡಿಯಲ್ಲಿ ಹೇಳಿದ ಅವಧಿಯ ಅರ್ಧಕ್ಕೇ ಇಲ್ಲಿ ಫಿಲ್ಟರನ್ನು ತೆಗೆದು ನೋಡುವುದು ಲೇಸು. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಯಿಲು ಸವರಿ ಹಿಂಡಿ ಹಾಕಬೇಕು. ಕಾಗದದ್ದನ್ನು ತೊಳೆಯಕೂಡದು, ಕೊಳೆಯಾದರೆ ಹೊಸದನ್ನೇ ಹಾಕಿಸತಕ್ಕದ್ದು. ಫಿಲ್ಟರನ್ನೇ ಕಿತ್ತೊಗೆದು, ಇನ್ನು ಗಾಡಿ ಹಗುರವಾಗಿ ಉಸಿರಾಡುತ್ತದೆ ಎನ್ನುವ ಮೇಸ್ತ್ರಿಗಳೂ ಇದ್ದಾರೆ. ಅಂಥವರಿಗೆ ದೂರದಿಂದಲೇ ನಮಸ್ಕಾರ.

ಗಾಡಿ ಸ್ಟಾರ್ಟಾಗದೆ ನಿಂತಾಗ ಕಿಕ್ಕರನ್ನು ತುಳಿದು ಬೆವರು ಸುರಿಸುವುದಕ್ಕೆ ಮೊದಲು ಹ್ಯಾಂಡಲಿನ ಬಲಗಡೆ ಇರುವ ಕೆಂಪು ಸ್ವಿಚ್ಚನ್ನು ನೋಡಿರಿ. ಮಕ್ಕಳು ಅದನ್ನು ಒತ್ತಿ ಹೋಗಿರುವುದು ಅಪರೂಪವಲ್ಲ. ಬಳಿಕ ಪೆಟ್ರೋಲು. ಅದು ಸರಿಯಾಗಿದ್ದರೆ ಪ್ಲಗ್ಗನ್ನು ಬಿಚ್ಚಿ, ಟೋಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಪೆಟ್ರೋಲಿನಿಂದಲೂ ಪ್ಲಗ್ಗಿನ ರಂಧ್ರದಿಂದಲೂ ದೂರದಲ್ಲಿ ಇಂಜಿನ್ನಿಗೆ ತಾಗಿಸಿ ಕಿಡಿ ಬರುವುದೇ ಎಂದು ಪರೀಕ್ಷಿಸಬೇಕು. ಪ್ಲಗ್ಗಿನ ಮುಖವೇ ರೋಗವನ್ನು ಹೇಳುತ್ತದೆ. ತಿಳಿಗಂದು ಬಣ್ಣ ಆರೋಗ್ಯದ ಗುರುತು. ಒಣ ಕಾಡಿಗೆಯಂತಿದ್ದರೆ ಗಾಳಿ ಸಾಲದು, ಪುನಃ ಫಿಲ್ಟರನ್ನು ನೋಡಿರಿ. ಎಣ್ಣೆಯಿಂದ ಒದ್ದೆಯಾಗಿದ್ದರೆ ಸಾಮಾನ್ಯವಾಗಿ ಉಂಗುರಗಳು ಸವೆದಿರುತ್ತವೆ. ಅದು ಮನೆಯಲ್ಲಿ ತೀರುವ ಕೆಲಸವಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ತರುವಾಯ ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬುರೇಟರಿಗೆ ಬದಲಾಗಿ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಅವುಗಳ ಪಂಪು ಟ್ಯಾಂಕಿನೊಳಗಿನ ಪೆಟ್ರೋಲಿನಿಂದಲೇ ತಣ್ಣಗಾಗತಕ್ಕದ್ದು. ರಿಸರ್ವಿನಲ್ಲಿ ದಿನಗಟ್ಟಲೆ ಓಡಿಸುವ ಹಳೆಯ ಅಭ್ಯಾಸವನ್ನು ಬಿಡುವುದೊಳ್ಳೆಯದು.

ಚೈನಿನ ವಿಷಯದಲ್ಲಿ ಈ ಸೀಮೆಗೇ ವಿಶೇಷವಾದ ಒಂದು ಎಚ್ಚರಿಕೆಯುಂಟು. ಸಿಮೆಂಟಿನ ಧೂಳು ಕುಳಿತ ಚೈನಿಗೆ ನೇರವಾಗಿ ನೀರು ಹೊಯ್ದರೆ, ಸಿಮೆಂಟು ತನ್ನ ಸ್ವಧರ್ಮವನ್ನು ಅಲ್ಲಿಯೂ ಬಿಡುವುದಿಲ್ಲ. ಮೊದಲು ಒಣ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರಸಿ, ಗೇರ್ ಆಯಿಲನ್ನು ತೆಳ್ಳಗೆ ಹಚ್ಚಿರಿ. ದಪ್ಪ ಗ್ರೀಸು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಇಂಜಿನ್ನನ್ನು ಚಾಲೂ ಇಟ್ಟು ಚಕ್ರ ತಿರುಗುತ್ತಿರುವಾಗ ಚೈನು ಒರಸುವುದು ಅನೇಕರ ರೂಢಿ. ಬಟ್ಟೆ ಚೈನಿಗೆ ಸಿಕ್ಕರೆ ಅದರೊಡನೆ ಬೆರಳೂ ಹೋಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸತಕ್ಕದ್ದು. ಬ್ರೇಕಿನ ಡ್ರಮ್ಮಿನಲ್ಲಿ ಸೇರಿದ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು, ಏಕೆಂದರೆ ಆ ಧೂಳು ಶ್ವಾಸಕೋಶಕ್ಕೆ ಕೇಡು. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿಸಿರಿ. ಬಿಸಿಲಿನಲ್ಲಿ ಓಡಿ ಕಾದ ಟೈರಿನಿಂದ ಗಾಳಿ ಬಿಡಕೂಡದು.

ಮಳೆಗಾಲದಲ್ಲಿ ಕಾಗಿಣಾ ತುಂಬಿ ಮಳಖೇಡದ ಕಡೆ ನೀರು ರಸ್ತೆಗೆ ಬಂದಾಗ, ಧೂಳು ನುಗ್ಗುತ್ತಿದ್ದ ದಾರಿಯಿಂದಲೇ ನೀರೂ ನುಗ್ಗುತ್ತದೆ. ನೀರಿನಲ್ಲಿ ನಿಂತುಹೋದ ಗಾಡಿಯ ಬಟನ್ನು ಒತ್ತಬೇಡಿರಿ. ನೀರು ಗಾಳಿಯಂತೆ ಕುಗ್ಗುವ ವಸ್ತುವಲ್ಲ. ಮೇಲೇರುವ ಪಿಸ್ಟನ್ನು ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡೇ ಬಾಗೀತು. ದಡಕ್ಕೆ ನೂಕಿ ತಂದು, ಚಾವಿ ತೆಗೆದು, ಪ್ಲಗ್ಗು ಬಿಚ್ಚಿ, ಕಿಕ್ಕರನ್ನು ಮೆಲ್ಲಗೆ ತುಳಿದು ನೀರನ್ನು ಹೊರಗೆಡಹಿರಿ. ಆಯಿಲು ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿದ ಮೇಲೆಯೇ ಸ್ಟಾರ್ಟು ಮಾಡತಕ್ಕದ್ದು.