ಹಳೆಯ ಯೆಜ್ಡಿಗೆ ಹೊಸ ಸೈಲೆನ್ಸರ್: ವರ್ತಕರು ಗಮನಿಸಬೇಕಾದ ಅಂಶಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿದ ನಂತರವೂ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ರಾಜ್ಯದ ರಸ್ತೆಗಳಲ್ಲಿ ಓಡುತ್ತಲೇ ಇವೆ. ಇವುಗಳ ಮಾಲೀಕರು ಬಿಡಿಭಾಗಗಳಿಗಾಗಿ ವರ್ತಕರ ಮಾತನ್ನೇ ನೆಚ್ಚಬೇಕಾಗಿದೆ. ಸೈಲೆನ್ಸರಿನ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚು. ತಪ್ಪು ಆಯ್ಕೆಯಿಂದ ಕೆಡುವುದು ವಾಹನದ ಅಂದ ಮಾತ್ರವಲ್ಲ, ಎಂಜಿನ್ ಕೂಡ.

ಎಂಜಿನ್ನಿನ ಒಂದು ಅಂಗ

250 ಸಿ.ಸಿ. ವರ್ಗದ ಈ ವಾಹನಗಳದು ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಹೊಗೆ ಹೊರಹೋಗಲು ಎರಡು ಪೈಪುಗಳಿವೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿದ ಅನಿಲವು ಹೊರಹೋಗುವಾಗಲೇ ಹೊಸ ಇಂಧನ ಮಿಶ್ರಣವು ಒಳಬರುತ್ತದೆ. ಪೈಪು ಮತ್ತು ಸೈಲೆನ್ಸರಿನೊಳಗಿನ ಒತ್ತಡದ ಅಲೆಗಳು ಈ ಮಿಶ್ರಣವು ವ್ಯರ್ಥವಾಗಿ ಹೊರಹೋಗುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ. ಆದ್ದರಿಂದ ಉದ್ದ, ಒಳಅಳತೆ ಅಥವಾ ಒಳಜಾಲರಿಯು ಬದಲಾದರೆ ಎಳೆತ ಕುಗ್ಗಿ, ಪೆಟ್ರೋಲ್ ಖರ್ಚು ಏರಬಹುದು. ಒಳಜಾಲರಿ ತೆಗೆದ ಸೈಲೆನ್ಸರಿನಿಂದ ಶಬ್ದ ಹೆಚ್ಚುತ್ತದೆಯೇ ಹೊರತು ಶಕ್ತಿ ಹೆಚ್ಚುತ್ತದೆಂಬ ಖಾತರಿಯಿಲ್ಲ.

ಮಾರುವ ಮುನ್ನ

ಮೊದಲಿಗೆ, ಬದಲಾವಣೆ ನಿಜವಾಗಿ ಅಗತ್ಯವೇ ಎಂಬುದನ್ನು ವಿಚಾರಿಸಬೇಕು. ಪೆಟ್ರೋಲಿಗೆ ಬೆರೆಸಿದ ಆಯಿಲ್ಲಿನ ಮಸಿ ಕಟ್ಟಿಕೊಂಡರೂ ವಾಹನವು ಎಳೆಯುವುದಿಲ್ಲ. ಹೊರತಗಡು ಗಟ್ಟಿಯಾಗಿದ್ದರೆ, ಒಳಜಾಲರಿಯನ್ನು ಹೊರತೆಗೆದು ಮಸಿ ಕಳೆದರೆ ಸಾಕಾಗಬಹುದು. ತಗಡು ತುಕ್ಕು ಹಿಡಿದು ತೂತಾಗಿದ್ದರೆ ಹೊಸದೇ ಬೇಕು.

ಎರಡನೆಯದಾಗಿ, ಮಾದರಿಯನ್ನು ಖಚಿತಪಡಿಸಿಕೊಳ್ಳಬೇಕು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಮಾರುಕಟ್ಟೆಗೆ ಮರಳಿದವು. ಆದರೆ ಈ ಹೊಸ ವಾಹನಗಳದು ಫೋರ್-ಸ್ಟ್ರೋಕ್ ಎಂಜಿನ್. ಇವುಗಳ ಸೈಲೆನ್ಸರ್ ಹಳೆಯವಕ್ಕೆ ಸಲ್ಲದು. ಹಳೆಯವುಗಳಲ್ಲಿಯೂ ಎಲ್ಲ ಮಾದರಿಗಳದು ಒಂದೇ ಎಂದು ಭಾವಿಸಬಾರದು. ಬಿಚ್ಚಿದ ಹಳೆಯ ಪೈಪನ್ನು ಪಕ್ಕಕ್ಕಿಟ್ಟು ಬಾಗು, ಉದ್ದ ಮತ್ತು ಬಾಯಿಯ ಅಳತೆಯನ್ನು ಹೋಲಿಸುವುದೇ ಸುರಕ್ಷಿತ ಮಾರ್ಗ.

ಮೂರನೆಯದಾಗಿ, ತಯಾರಿಕೆಯ ಗುಣಮಟ್ಟ. ಕ್ರೋಮಿನ ಹೊಳಪು ತೆಳುತಗಡನ್ನು ಮರೆಮಾಚಬಲ್ಲದು. ಕೈಯಲ್ಲಿ ತೂಗಿ ನೋಡಿ, ಬೆಸುಗೆಯ ಗೆರೆ ಪರೀಕ್ಷಿಸಿ, ಒಳಜಾಲರಿ ಇದೆಯೇ ಎಂದು ನೋಡಬೇಕು. ಜೋಡಣೆಯ ವೇಳೆ ಸಿಲಿಂಡರಿನ ಮರೆಗೆ ನಟ್ಟನ್ನು ಬಲವಂತವಾಗಿ ತಿರುಗಿಸಬಾರದು. ಮರೆ ಹಾಳಾದರೆ ದುರಸ್ತಿಯ ವೆಚ್ಚವು ಪೈಪಿನ ಬೆಲೆಯನ್ನೇ ಮೀರಬಹುದು.

ಕಾನೂನಿನ ದೃಷ್ಟಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಕಡ್ಡಾಯ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡಗಳನ್ನು ಉಲ್ಲಂಘಿಸಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190(2)ನೇ ಪ್ರಕರಣದಡಿ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ವಾಹನ ಹಳೆಯದೆಂಬ ಕಾರಣಕ್ಕೆ ಸೈಲೆನ್ಸರ್ ತೆಗೆದು ಓಡಿಸುವಂತಿಲ್ಲ.

ಬಿಲ್ಲಿನಲ್ಲಿ ವಾಹನದ ಮಾದರಿಯನ್ನು ನಮೂದಿಸಿ, ಹೊಂದದ ಸರಕನ್ನು ಮರಳಿ ಪಡೆಯುವ ಷರತ್ತನ್ನು ಮೊದಲೇ ತಿಳಿಸುವುದು ಒಳ್ಳೆಯ ಪದ್ಧತಿ. ಮೂವತ್ತು ವರ್ಷ ವಾಹನವನ್ನು ಜತನದಿಂದ ಕಾಪಾಡಿಕೊಂಡು ಬಂದ ಗ್ರಾಹಕನು ಸರಿಯಾದ ಸಲಹೆ ನೀಡಿದ ಅಂಗಡಿಯನ್ನೂ ಸುಲಭವಾಗಿ ಬಿಡಲಾರನು.