ಪಕ್ಕದಲ್ಲಿ ಕೂತೋರ ರಿಪೋರ್ಟ್ ಎಲ್ಲಿ?

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅವತ್ತು ಎಲ್ಲ ಚಾನೆಲ್‌ಗಳ ಹಾಗೆ ನಾವೂ ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ವಿ. ಮುಖ ಸೊಟ್ಟಗಾದ್ರೆ, ಒಂದು ಕೈ ಸೋತ್ರೆ, ಮಾತು ತೊದಲಿದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ ಅಂತ ಹೇಳಿದ್ವಿ. ಡಾಕ್ಟರ್ ಬಂದಿದ್ರು, ಗ್ರಾಫಿಕ್ಸ್ ಚೆನ್ನಾಗಿತ್ತು. ಮೇಕಪ್ ಒರೆಸಿಕೊಳ್ತಾ ಇದ್ದಾಗ ಮಹದೇವಪುರದಿಂದ ಚಿಕ್ಕಮ್ಮನ ಫೋನ್.

"ನೋಡ್ದೆ ಕಣೋ. ಸ್ಟ್ರೋಕ್ ಆದೋರ ಬಗ್ಗೆ ಹೇಳ್ದೆ, ಡಾಕ್ಟ್ರ ಬಗ್ಗೆ ಹೇಳ್ದೆ. ಪಕ್ಕದಲ್ಲಿ ಕೂತೋರ ಬಗ್ಗೆ ಒಂದು ಮಾತೂ ಬರ್ಲಿಲ್ವಲ್ಲೋ."

ಹೌದು, ಬರಲಿಲ್ಲ. ಆ ತಪ್ಪನ್ನ ಇವತ್ತು ತಿದ್ದಿಕೊಳ್ತೀನಿ.

ಚಿಕ್ಕಪ್ಪನಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಪೆಟ್ಟು ಬಿದ್ದಿದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ದೇಹದ ಬಲಭಾಗ ಸೋತಿದೆ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರ ಇರೋದೂ ಮೆದುಳಿನ ಎಡಗಡೆಯೇ, ಹಾಗಾಗಿ ಮಾತೂ ಹೋಗಿದೆ. ಆದ್ರೆ ಒಂದು ವಿಷಯ ನೆನಪಿಡಿ: ಹೋಗಿರೋದು ಮಾತು, ತಿಳಿವಳಿಕೆ ಅಲ್ಲ. ಅವರಿಗೆ ಎಲ್ಲಾ ಕೇಳುತ್ತೆ, ಎಲ್ಲಾ ಅರ್ಥ ಆಗುತ್ತೆ.

ಅವರ ಫೈಲ್ ತೆಗೆದು ನೋಡಿದೆ. ಬಿಪಿ, ಶುಗರ್, ಸ್ಕ್ಯಾನ್, ಜೊತೆಗೆ ಬಾರ್ತೆಲ್ ಇಂಡೆಕ್ಸ್ ಅಂತ ಒಂದು ಅಂಕ. 1965ರಿಂದ ಬಳಕೆಯಲ್ಲಿರೋ ಅಳತೆ ಇದು. ಊಟ, ಸ್ನಾನ, ಬಟ್ಟೆ, ನಡಿಗೆ, ಮೆಟ್ಟಿಲು ಹೀಗೆ 10 ದಿನನಿತ್ಯದ ಕೆಲಸಗಳಲ್ಲಿ ರೋಗಿ ಎಷ್ಟು ಸ್ವತಂತ್ರ ಅಂತ 100ಕ್ಕೆ ಅಂಕ ಕೊಡ್ತಾರೆ. ಚಿಕ್ಕಪ್ಪ ಆಸ್ಪತ್ರೆ ಬಿಡುವಾಗ 25 ಇತ್ತು, ಈಗ 50. ಸಂತೋಷ. ಆದ್ರೆ ಈ 25ರಿಂದ 50ಕ್ಕೆ ಅವರನ್ನ ಎತ್ತಿ ತಂದ ಕೈ ಯಾರದು? ಆ ಕೈಯ ಸ್ಥಿತಿ ಹೇಗಿದೆ? ಇಡೀ ಫೈಲ್‌ನಲ್ಲಿ ಚಿಕ್ಕಮ್ಮನ ಹೆಸರು ಇರೋದು ಒಪ್ಪಿಗೆ ಪತ್ರದ ಸಹಿಯಲ್ಲಿ ಮಾತ್ರ.

ಅಳೆಯೋಕೆ ಸಾಧನ ಇಲ್ಲವಾ? ಇದೆ, ಬೇಕಾದಷ್ಟಿದೆ.

ಮೊದಲನೇದು ಹೊರೆಯ ಅಳತೆ. ಇದರಲ್ಲಿ ನಮ್ಮ ಬೆಂಗಳೂರಿಗೇ ದೊಡ್ಡ ಪಾಲಿದೆ. 1981ರಲ್ಲಿ ನಿಮ್ಹಾನ್ಸ್‌ನ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಮಾನಸಿಕ ರೋಗಿಗಳ ಮನೆಯವರಿಗಾಗಿ ಒಂದು ಸಂದರ್ಶನ ಪಟ್ಟಿ ರೂಪಿಸಿದ್ರು. ದುಡ್ಡು, ದಿನಚರಿ, ಬಿಡುವು, ಮನೆಯೊಳಗಿನ ಸಂಬಂಧ, ಉಳಿದವರ ದೈಹಿಕ ಆರೋಗ್ಯ, ಮಾನಸಿಕ ಆರೋಗ್ಯ: 6 ವಿಭಾಗ, 24 ಅಂಶ, ಪ್ರತಿಯೊಂದಕ್ಕೂ 0, 1 ಅಥವಾ 2. ಬೇರೆ ಕಾಯಿಲೆಗಳ ಅಧ್ಯಯನಗಳಲ್ಲೂ ಅದು ಬಳಕೆಯಾಗಿದೆ. ಅಮೆರಿಕದಲ್ಲಿ 1983ರಲ್ಲಿ ಬೆಟ್ಸಿ ರಾಬಿನ್ಸನ್ ಇನ್ನೂ ಚಿಕ್ಕದೊಂದನ್ನ ಮಾಡಿದ್ರು: ಆರೈಕೆದಾರರ ಒತ್ತಡ ಸೂಚ್ಯಂಕ. ಹೌದು-ಇಲ್ಲ ಅನ್ನೋ 13 ಪ್ರಶ್ನೆ, ಐದು ನಿಮಿಷದ ಕೆಲಸ. 7 ಅಥವಾ ಅದಕ್ಕಿಂತ ಹೆಚ್ಚು 'ಹೌದು' ಬಂದ್ರೆ ಒತ್ತಡ ಜಾಸ್ತಿ ಇದೆ ಅಂತ ಅರ್ಥ.

ಎರಡನೇದು ಜೀವನದ ಗುಣಮಟ್ಟದ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಇದರ ಮೂಲ ಪ್ರಶ್ನಾವಳಿ ರೂಪಿಸಿದ 15 ಕೇಂದ್ರಗಳಲ್ಲಿ ದೆಹಲಿ, ಚೆನ್ನೈ ಕೂಡ ಇದ್ದವು. ಕಳೆದ ಎರಡು ವಾರ ನಿಮ್ಮ ದೇಹ ಹೇಗಿತ್ತು, ಮನಸ್ಸು ಹೇಗಿತ್ತು, ಸಂಬಂಧಗಳು ಹೇಗಿದ್ದವು, ಸುತ್ತಲಿನ ಪರಿಸರ ಹೇಗಿತ್ತು ಅಂತ ನಾಲ್ಕು ಕಡೆಯಿಂದ ಕೇಳುತ್ತೆ.

ಹೊರೆ ಮತ್ತು ಗುಣಮಟ್ಟ ಎರಡೂ ಒಂದೇ ಅಲ್ವಾ ಅಂತ ಕೇಳಬಹುದು. ಅಲ್ಲ. ಲಾರಿ ಮೇಲೆ ಎಷ್ಟು ಟನ್ ಲೋಡ್ ಇದೆ ಅನ್ನೋದು ಒಂದು ಲೆಕ್ಕ. ಲಾರಿಯ ಎಂಜಿನ್, ಟೈರ್, ಬ್ರೇಕ್ ಯಾವ ಸ್ಥಿತಿಯಲ್ಲಿವೆ ಅನ್ನೋದು ಇನ್ನೊಂದು ಲೆಕ್ಕ. ಅಷ್ಟೇ ಲೋಡ್ ಹೊತ್ತ ಎರಡು ಲಾರಿಗಳಲ್ಲಿ ಒಂದು ಘಾಟಿ ಹತ್ತುತ್ತೆ, ಇನ್ನೊಂದು ಅರ್ಧ ದಾರಿಯಲ್ಲಿ ನಿಲ್ಲುತ್ತೆ. ನಿಲ್ಲುವ ಮೊದಲೇ ಗೊತ್ತಾಗಬೇಕು ಅಂದ್ರೆ ಎರಡನ್ನೂ ನೋಡಬೇಕು.

ಮುಂದಿನ ಭಾನುವಾರ ಆ 13 ಪ್ರಶ್ನೆ ಹಿಡ್ಕೊಂಡು ಮಹದೇವಪುರಕ್ಕೆ ಹೋದೆ. ನಾನು ಡಾಕ್ಟರ್ ಅಲ್ಲ, ಇದು ತಪಾಸಣೆಯೂ ಅಲ್ಲ. ಎಂಜಿನಿಯರಿಂಗ್ ಓದಿದೋನ ಕುತೂಹಲ ಅಂದ್ಕೊಳ್ಳಿ. ಹಾಲ್‌ನಲ್ಲೇ ಚಿಕ್ಕಪ್ಪನ ಮಂಚ. ಅದರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಿಕ್ಕಮ್ಮ ಕೂತ್ರು. ಕೇಳ್ತಾ ಹೋದೆ.

ನಿದ್ದೆ ಕೆಡುತ್ತಾ? "ಇಲ್ಲಪ್ಪ." ಮೈ ಕೈ ನೋವು? "ವಯಸ್ಸಾಯ್ತಲ್ಲ, ಇರುತ್ತೆ." ದುಡ್ಡಿನ ತೊಂದರೆ? "ನಡೀತಾ ಇದೆ."

13ಕ್ಕೆ 3 ಬಂತು. ಈ ಲೆಕ್ಕದಲ್ಲಿ ಚಿಕ್ಕಮ್ಮ ಆರಾಮಾಗಿದ್ದಾರೆ.

ಕಾಲೇಜಿನ ಇನ್‌ಸ್ಟ್ರುಮೆಂಟೇಶನ್ ಲ್ಯಾಬ್‌ನಲ್ಲಿ ಮೇಷ್ಟ್ರು ಯಾವಾಗ್ಲೂ ಒಂದು ಮಾತು ಹೇಳೋರು: ರೀಡಿಂಗ್ ತಪ್ಪು ಬಂದ್ರೆ ಮೀಟರ್ ಬೈಬೇಡ, ಪ್ರೋಬ್ ಎಲ್ಲಿ ಇಟ್ಟಿದ್ದೀಯ ನೋಡು. ನಾನು ಪ್ರೋಬ್ ಇಟ್ಟಿದ್ದು ಎಲ್ಲಿ? ಮಾತು ಬಾರದ, ಆದ್ರೆ ಪ್ರತಿ ಮಾತೂ ಕೇಳಿಸೋ ಮನುಷ್ಯನ ತಲೆದಿಂಬಿನ ಪಕ್ಕದಲ್ಲಿ. ಯಾವ ಹೆಂಡತಿ ಅಲ್ಲಿ ಕೂತು "ನೀವು ನನಗೆ ಭಾರ" ಅಂತಾಳೆ?

ಕಾಫಿ ನೆಪದಲ್ಲಿ ಅಡುಗೆಮನೆಗೆ ಹೋದ್ವಿ. ಅದೇ 13 ಪ್ರಶ್ನೆ ಮತ್ತೆ ಕೇಳಿದೆ, ಮೆಲ್ಲಗೆ.

ರಾತ್ರಿ ಮೂರು ಸಲ ಏಳ್ತಾರೆ. ಮಗ್ಗುಲು ಬದಲಾಯಿಸಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಎತ್ತಿ ಕೂರಿಸಿ ಸೊಂಟ ಹಿಡಿದಿದೆ. ಮನೆಯಲ್ಲೇ ಬ್ಲೌಸ್ ಹೊಲೀತಿದ್ರು. ಆ ಮಿಷನ್ ಮೇಲೆ ಈಗ ಔಷಧಿ ಡಬ್ಬಿಗಳಿವೆ. ಮದುವೆ, ನಾಮಕರಣ ಯಾವುದಕ್ಕೂ ಹೋಗಿಲ್ಲ. ಅವರು ಮೊದಲಿನ ಹಾಗೆ ಇಲ್ಲ ಅನ್ನೋದು ಸಂಕಟ ಕೊಡುತ್ತಾ ಅಂತ ಕೇಳಿದಾಗ ಚಿಕ್ಕಮ್ಮ ಸ್ಟೌ ಸಣ್ಣ ಮಾಡಿದ್ರು. "ಅವರು ನನ್ನ ಹೆಸರಿಟ್ಟು ಕರೆದು ಎರಡು ವರ್ಷ ಆಯ್ತು ಕಣೋ" ಅಂದ್ರು.

ಈ ಸಲ 13ಕ್ಕೆ 10.

ಅದೇ ಪಟ್ಟಿ, ಅದೇ ವ್ಯಕ್ತಿ, ಅದೇ ಬೆಳಗ್ಗೆ. ನಡುವೆ ಇದ್ದಿದ್ದು ಒಂದು ಗೋಡೆ ಮಾತ್ರ. ನಮ್ಮ ಆಸ್ಪತ್ರೆಗಳಲ್ಲಿ "ನೀವು ಹೇಗಿದ್ದೀರಮ್ಮ?" ಅಂತ ಯಾರಾದ್ರೂ ಕೇಳಿದ್ರೂ ಎಲ್ಲಿ ಕೇಳ್ತಾರೆ? ರೋಗಿಯ ಎದುರೇ. ಹಾಗಾಗಿ ಒಳ್ಳೆ ಪ್ರಶ್ನೆಪಟ್ಟಿ ಇದ್ರೆ ಸಾಲದು. ಆರೈಕೆ ಮಾಡೋರನ್ನ ಒಬ್ಬರನ್ನೇ ಕೂರಿಸಿ, ಅವರ ಭಾಷೆಯಲ್ಲಿ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಸಾರಿಗೆ ಬಗ್ಗೆಯೂ ಒಂದು ಪ್ರಶ್ನೆ ಇದೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಶುರುವಾಯ್ತು. ಸಿಂಗಯ್ಯನಪಾಳ್ಯ ನಿಲ್ದಾಣ ಚಿಕ್ಕಮ್ಮನ ಮನೆಯಿಂದ ನಡೆದು ಹೋಗೋ ದೂರ. ನಗರದ ಲೆಕ್ಕದಲ್ಲಿ ಅವರ ಸಾರಿಗೆ ಸೌಲಭ್ಯ ಬಹಳ ಉತ್ತಮ. ಆದ್ರೆ ಅವರು ಒಂದು ದಿನವೂ ಆ ರೈಲು ಹತ್ತಿಲ್ಲ, ಯಾಕಂದ್ರೆ ಎರಡು ಗಂಟೆ ಬಿಡುವಿಲ್ಲ. ಸೌಲಭ್ಯ ಇರೋದು ಬೇರೆ, ಅದು ಒಬ್ಬ ಮನುಷ್ಯಳಿಗೆ ಎಟುಕೋದು ಬೇರೆ. ಜೀವನದ ಗುಣಮಟ್ಟ ಅಂದ್ರೆ ಈ ಎಟುಕೋದರ ಲೆಕ್ಕ.

ಇದು ಒಂದು ಮನೆಯ ಕಥೆ ಅಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವಯಸ್ಸಿನವರಲ್ಲಿ ಮನೆಯವರ ಆರೈಕೆ ಮಾಡೋ ಹೆಂಗಸರು 41%, ಗಂಡಸರು 21.4%. ದಿನಕ್ಕೆ ಹೆಂಗಸರು ಕೊಡೋದು 140 ನಿಮಿಷ, ಗಂಡಸರು 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ, ನಿಜ. ಆದ್ರೂ ತಕ್ಕಡಿ ಯಾವ ಕಡೆ ವಾಲಿದೆ ಅನ್ನೋದು ಸ್ಪಷ್ಟ.

"ಮನೆಯವರಿಗೆ ಸ್ವಲ್ಪ ಟ್ರೈನಿಂಗ್ ಕೊಟ್ರೆ ಅವರೇ ಎಲ್ಲಾ ನೋಡ್ಕೋತಾರೆ" ಅನ್ನೋ ವಾದ ಇದೆ. ಅದನ್ನೂ ಪರೀಕ್ಷೆ ಮಾಡಿದ್ದಾರೆ, ನಮ್ಮ ದೇಶದಲ್ಲೇ. 'ಅಟೆಂಡ್' ಅನ್ನೋ ಅಧ್ಯಯನ. 14 ಆಸ್ಪತ್ರೆ, 1,250 ರೋಗಿಗಳು. ಅರ್ಧ ಜನರ ಮನೆಯವರಿಗೆ ಪುನಶ್ಚೇತನದ ತರಬೇತಿ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ ಎರಡೂ ಗುಂಪಿನಲ್ಲಿ 47%. ಮನೆಯವರ ಆರೈಕೆ ವ್ಯರ್ಥ ಅಂತ ಇದರ ಅರ್ಥ ಅಲ್ಲ. ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನೂ ಹೆಂಡತಿಯ, ಸೊಸೆಯ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳೋಕೆ ಆಗಲ್ಲ ಅಂತ ಅರ್ಥ.

ಹಾಗಾದ್ರೆ ಸರ್ಕಾರ ಏನು ಮಾಡ್ತಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ ₹1,000 ಪ್ರೋತ್ಸಾಹಧನ ಘೋಷಣೆ ಆಯ್ತು. ಒಳ್ಳೆ ಹೆಜ್ಜೆ, ಮೆಚ್ಚಲೇಬೇಕು. ಆದ್ರೆ ಘೋಷಣೆಯ ಪಟ್ಟಿ ಓದಿ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲಿರೋಸಿಸ್. ಪಾರ್ಶ್ವವಾಯು ಅದರಲ್ಲಿ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು, ಸ್ಟ್ರೋಕ್ ಆದವರು ಆಸ್ಪತ್ರೆ ಬಿಡುವಾಗ ಮತ್ತು ಮೂರು ತಿಂಗಳ ನಂತರದ ಭೇಟಿಯಲ್ಲಿ ಆರೈಕೆ ಮಾಡೋರನ್ನ ಬೇರೆ ಕೂರಿಸಿ ಈ 13 ಪ್ರಶ್ನೆ ಕೇಳಿ, ಅಂಕವನ್ನ ಅದೇ ಫೈಲ್‌ನಲ್ಲಿ ಬರೀರಿ. ಎರಡು, 7 ದಾಟಿದ್ರೆ ಏನು ಮಾಡಬೇಕು ಅನ್ನೋದೂ ಬರೆದಿರಲಿ. ಮನೆಗೆ ಬರೋ ಫಿಸಿಯೋನೋ, ಆಪ್ತಸಮಾಲೋಚನೆಯೋ, ವಾರಕ್ಕೊಂದು ದಿನದ ಬದಲಿ ಆರೈಕೆಯೋ ಸಿಗಬೇಕು. ಅಳೆದು ಸುಮ್ಮನಿರೋದಾದ್ರೆ ಅಳೆಯೋದೇ ಬೇಡ. ಮೂರು, ಆ ₹1,000ದ ಪಟ್ಟಿಗೆ ಪೂರ್ತಿ ಪರಾವಲಂಬಿಯಾದ ಸ್ಟ್ರೋಕ್ ರೋಗಿಗಳ ಮನೆಯವರನ್ನೂ ಸೇರಿಸಿ.

ಅವತ್ತು ಅಡುಗೆಮನೆಯಲ್ಲಿ ಅಂಕ ಹೇಳಿದಾಗ ಚಿಕ್ಕಮ್ಮ ಕೇಳಿದ್ರು, "ಹತ್ತು ಅಂದ್ರೆ ಪಾಸೋ, ಫೇಲೋ?" ಈ ಪರೀಕ್ಷೇಲಿ ಕಮ್ಮಿ ಬಂದ್ರೆ ಒಳ್ಳೇದು ಅಂದೆ. "ಹಂಗಾದ್ರೆ ಕಮ್ಮಿ ಮಾಡೋಕೆ ನಾನೇನು ಓದಬೇಕು?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಬೇಕಾದೋರು ಅವರಲ್ಲ, ನಾವು.

ಅದರ ಮುಂದಿನ ಭಾನುವಾರ ಮೂರು ಗಂಟೆ ಚಿಕ್ಕಪ್ಪನ ಪಕ್ಕದ ಆ ಕುರ್ಚಿಯಲ್ಲಿ ನಾನು ಕೂತೆ. ಚಿಕ್ಕಮ್ಮ ಸಿಂಗಯ್ಯನಪಾಳ್ಯದಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ವರೆಗೆ ಹೋಗಿ ವಾಪಸ್ ಬಂದ್ರು. ಎಲ್ಲೆಲ್ಲಿ ಹೋಗಿದ್ರಿ ಅಂದೆ. "ಎಲ್ಲೂ ಇಳೀಲಿಲ್ಲ ಕಣೋ. ಕಿಟಕಿ ಪಕ್ಕ ಸೀಟ್ ಸಿಕ್ತು, ಕೂತಿದ್ದೆ."

ನಿಮ್ಮ ನೆಂಟರಲ್ಲಿ, ನಿಮ್ಮ ಬೀದಿಯಲ್ಲಿ ಇಂಥವರೊಬ್ಬರು ಇದ್ದೇ ಇರ್ತಾರೆ. ಇವತ್ತು ಫೋನ್ ಮಾಡಿ. ರೋಗಿ ಹೇಗಿದ್ದಾರೆ ಅಂತ ಕೇಳಿದ ಮೇಲೆ ಫೋನ್ ಇಡಬೇಡಿ. "ನೀವು ಸ್ವಲ್ಪ ಆಚೆ ಬಂದು ಮಾತಾಡ್ತೀರಾ?" ಅಂತ ಕೇಳಿ.